ತಾತನ ತಗಡಿನ ರೈಲು

ದಸರಾ ಬಂತೆಂದರೆ ನಮ್ಮ ಮನೆಯಲ್ಲಿ ಪಟ್ಟದ ಗೊಂಬೆಗಳಿಗಿಂತ ಹೆಚ್ಚಿನ ಮರ್ಯಾದೆ ಒಂದು ತಗಡಿನ ರೈಲಿಗೆ ಸಲ್ಲುತ್ತಿತ್ತು. ಮೆಟ್ಟಿಲುಗಳ ಮುಂದೆ ಅಮ್ಮ ರಾಗಿ ಚೆಲ್ಲಿ ಪೈರು ಬರಿಸಿ ಪಾರ್ಕು ಮಾಡುತ್ತಿದ್ದಳು. ಅದರ ಸುತ್ತ ಅಪ್ಪ ಕಂಬಿ ಜೋಡಿಸಿ, ಕೆಂಗಂದು ಬಣ್ಣದ ಪುಟ್ಟ ಎಂಜಿನ್ನಿಗೆ ಕೀ ಕೊಟ್ಟು ಬಿಡುತ್ತಿದ್ದರು. ಒಂದು ಕೀಗೆ ನಾಲ್ಕು ಸುತ್ತು. ನಾಲ್ಕನೆಯ ಸುತ್ತಿನ ಕೊನೆಗೆ ರೈಲು ಏದುಸಿರು ಬಿಡುತ್ತ ನಿಲ್ಲುವಾಗ, ಗೊಂಬೆ ನೋಡಲು ಬಂದ ಕೇರಿಯ ಮಕ್ಕಳೆಲ್ಲ “ಇನ್ನೊಂದ್ಸಲ, ಇನ್ನೊಂದ್ಸಲ” ಎಂದು ಕೂಗುತ್ತಿದ್ದರು. ಆದರೆ ಕೀಲಿಕೈ ಮುಟ್ಟುವ ಅಧಿಕಾರ ಅಪ್ಪನಿಗೊಬ್ಬರಿಗೇ. ವಿಜಯದಶಮಿಯ ಮಾರನೆಯ ದಿನ ರೈಲು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಅಟ್ಟಕ್ಕೆ ಹೋದರೆ, ಮತ್ತೆ ಇಳಿಯುವುದು ಮುಂದಿನ ಮಹಾಲಯ ಅಮಾವಾಸ್ಯೆಗೇ.

ಈ ರೈಲು ನಮ್ಮ ಮನೆಗೆ ಬಂದ ಬಗೆ ಹೀಗೆ. ನಮ್ಮ ತಾತ ಕೋಲಾರದ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆ ಗಣಿಗಳನ್ನು 1880ರಿಂದ ನಡೆಸುತ್ತಿದ್ದುದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಊರಿಗೆ ಹೊರಟ ದೊರೆಯೊಬ್ಬರು ಬಂಗಲೆಯ ಸಾಮಾನನ್ನು ವರಾಂಡದಲ್ಲಿ ಹರಡಿ ಮಾರಿದರು. ಮೇಜು ಕುರ್ಚಿ ಕೊಳ್ಳಲು ಹೋದ ತಾತ ಹದಿನೈದು ರೂಪಾಯಿ ಕೊಟ್ಟು ರೈಲಿನ ಪೆಟ್ಟಿಗೆ ಹೊತ್ತು ತಂದರು. ಆ ತಿಂಗಳ ಅಕ್ಕಿಯ ಲೆಕ್ಕ ಹೇಳಿ ಅಜ್ಜಿ ಮೂರು ದಿನ ಮಾತು ಬಿಟ್ಟರಂತೆ. ನಾಲ್ಕನೆಯ ದಿನ ರೈಲು ಓಡುವುದನ್ನು ನೋಡಿ ಅಜ್ಜಿಯೇ ನಕ್ಕರಂತೆ.

ತಾತನಿಂದ ಅಪ್ಪನಿಗೆ ಬಂತು. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆ ಪ್ರಶ್ನೆ ಎದ್ದಿತು: ಇನ್ನು ಮುಂದೆ ಯಾರಿಗೆ? ನಾವು ಮೂವರು ಮಕ್ಕಳು. ಅಣ್ಣ ಬೆಂಗಳೂರಿನಲ್ಲಿ, ಅಕ್ಕ ಮೈಸೂರಿನಲ್ಲಿ, ನೌಕರಿಯ ಋಣಾನುಬಂಧದಿಂದ ನಾನು ಪುಣೆಯಲ್ಲಿ. “ಹಳೇ ಇಂಗ್ಲಿಷ್ ರೈಲಿಗೆ ಒಳ್ಳೇ ಬೆಲೆ ಇದೆಯಂತೆ ಕಣೋ. ಮಾರಿ ಮೂರು ಪಾಲು ಮಾಡೋಣ. ಅಪ್ಪ ಹಾಕಿದ ಆಲದ ಮರ ಅಂತ ಯಾಕೆ ನೇತಾಡಬೇಕು?” ಎಂದು ಅಣ್ಣ ಅಂದ. ನನಗೆ ಮನಸ್ಸೊಪ್ಪಲಿಲ್ಲ. ಎದುರಾಡುವ ಮೊದಲು ಅದು ಏನು, ಎಲ್ಲಿಯದು, ಎಷ್ಟರದು ಎಂದು ತಿಳಿದುಕೊಳ್ಳೋಣವೆಂದು ಆಫೀಸಿನಿಂದ ಬಂದ ಮೇಲೆ ಸಂಜೆಗಳಲ್ಲಿ ಓದತೊಡಗಿದೆ. ಬೆಲೆ ಹುಡುಕಲು ಹೊರಟವನಿಗೆ ಒಂದು ಚರಿತ್ರೆಯೇ ಸಿಕ್ಕಿತು. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಗೊಂಬೆಯ ಅಡಿಗೆಮನೆಯಿಂದ ರೈಲಿನವರೆಗೆ

ಆಟದ ರೈಲಿನ ತವರು ಜರ್ಮನಿ. ಅಲ್ಲಿನ ಗೊಪಿಂಗೆನ್ ಊರಿನಲ್ಲಿ 1859ರಲ್ಲಿ ಥಿಯೋಡರ್ ಮಾರ್ಕ್ಲಿನ್ ಎಂಬ ತಗಡಿನ ಕೆಲಸಗಾರ ಹೆಣ್ಣುಮಕ್ಕಳ ಆಟಕ್ಕೆಂದು ಪುಟ್ಟ ಅಡಿಗೆಮನೆ ಸಾಮಾನು ಮಾಡಿ ಮಾರತೊಡಗಿದ. ಅವನು 1866ರಲ್ಲಿ ತೀರಿಕೊಂಡಾಗ ಹೆಂಡತಿ ಕರೋಲೀನ್ ಎದೆಗುಂದದೆ ವ್ಯಾಪಾರ ಉಳಿಸಿಕೊಂಡಳು. ಅವಳ ಮಕ್ಕಳು ದೊಡ್ಡವರಾಗಿ 1888ರಲ್ಲಿ ಅದನ್ನು ಹೊಸದಾಗಿ ಕಟ್ಟಿದರು. 1891ರ ಲೈಪ್ಸಿಗ್ ಜಾತ್ರೆಯಲ್ಲಿ ಅವರು ಇಟ್ಟಿದ್ದು ಕೀ ಕೊಟ್ಟರೆ ಎಂಟರ ಆಕಾರದ ಕಂಬಿಯ ಮೇಲೆ ಓಡುವ ರೈಲು.

ಅದಕ್ಕೂ ಮೊದಲು ಆಟದ ರೈಲುಗಳು ಇರಲಿಲ್ಲವೆಂದಲ್ಲ. ನೆಲದ ಮೇಲೆ ತಳ್ಳುವಂಥವು, ದಾರ ಕಟ್ಟಿ ಎಳೆಯುವಂಥವು ಬೇಕಾದಷ್ಟಿದ್ದವು. ಮಾರ್ಕ್ಲಿನ್ ಸೋದರರ ದೊಡ್ಡ ಕೆಲಸ ಬೇರೆಯೇ. ಅವರು ಕಂಬಿಯ ಅಗಲಕ್ಕೆ ಅಳತೆ ಗೊತ್ತುಮಾಡಿ 1, 2, 3 ಎಂದು ಅಂಕಿ ಕೊಟ್ಟರು. ಇದರಿಂದ ಈ ವರ್ಷ ಎಂಜಿನ್ ಕೊಂಡವನು ಮುಂದಿನ ವರ್ಷ ಒಂದು ಬೋಗಿ, ಅದರ ಮುಂದಿನ ವರ್ಷ ಒಂದು ನಿಲ್ದಾಣ ಕೊಳ್ಳಬಹುದು. ಎಲ್ಲವೂ ಹೊಂದಿಕೊಳ್ಳುತ್ತವೆ. ಒಂದೇ ಹಬ್ಬಕ್ಕೆ ಮುಗಿಯುತ್ತಿದ್ದ ಆಟಿಕೆ ವರ್ಷ ವರ್ಷ ಬೆಳೆಯುವ ಆಸ್ತಿಯಾಯಿತು. ಅಪ್ಪನ ಕಂಬಿಯ ಮೇಲೆ ಮಗನ ಬೋಗಿ ಓಡುವುದು ಸಾಧ್ಯವಾದದ್ದು ಈ ಅಳತೆಯಿಂದ. ರೈಲಿನ ಸೆಟ್ಟು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಪದ್ಧತಿಯ ಬೇರು ಇಲ್ಲಿದೆ.

ಕಂಬಿಯ ಅಗಲ ಸಣ್ಣದಾಗುತ್ತ ಬಂದು ಸೊನ್ನೆ ಎಂಬ ಅಂಕಿಯ ‘ಓ ಗೇಜು’ ಹೆಚ್ಚು ಬಳಕೆಗೆ ಬಂತು. ಅದರ ಅಗಲ 32 ಮಿಲಿಮೀಟರ್. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಮಕ್ಕಳೂ ಆಡುತ್ತಿದ್ದುದು ಹೆಚ್ಚಾಗಿ ಜರ್ಮನಿಯ ರೈಲುಗಳೊಂದಿಗೇ. ಮಾರ್ಕ್ಲಿನ್ ಅಲ್ಲದೆ ನ್ಯೂರೆಂಬರ್ಗಿನ ಬಿಂಗ್ ಕಂಪನಿ ಇಂಗ್ಲಿಷ್ ರೈಲ್ವೆಗಳ ಬಣ್ಣವನ್ನೇ ಬಳಿದು ಕಳಿಸುತ್ತಿತ್ತು. 1914ರಲ್ಲಿ ಯುದ್ಧ ಹತ್ತಿ ಆ ಮಾಲು ನಿಂತಾಗ ಅಂಗಡಿಗಳ ಕಪಾಟು ಬರಿದಾಯಿತು. ಅದನ್ನು ತುಂಬಲು ಬಂದವನು ಒಬ್ಬ ಗುಮಾಸ್ತ.

ಲಿವರ್‌ಪೂಲಿನ ಗುಮಾಸ್ತ

ಫ್ರಾಂಕ್ ಹಾರ್ನ್‌ಬಿ ಹುಟ್ಟಿದ್ದು 1863ರಲ್ಲಿ, ಲಿವರ್‌ಪೂಲಿನಲ್ಲಿ. ಎಂಜಿನಿಯರಿಂಗ್ ಓದಿದವನಲ್ಲ. ಮಾಂಸ ಆಮದು ಮಾಡುವ ಎಲಿಯಟ್ ಎಂಬಾತನ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ದಿನವೆಲ್ಲ ಲೆಡ್ಜರು, ಸಂಜೆ ಮನೆಯಲ್ಲಿ ಮಕ್ಕಳಿಗಾಗಿ ತಗಡು ಕತ್ತರಿಸಿ ಕ್ರೇನು ಮಾಡುವುದು. ಪ್ರತಿ ಹೊಸ ಆಟಿಕೆಗೂ ಹೊಸ ಬಿಡಿಭಾಗ ಮಾಡಿ ಬೇಸತ್ತಾಗ ಅವನಿಗೆ ಹೊಳೆಯಿತು: ಎಲ್ಲ ಪಟ್ಟಿಗಳಿಗೂ ಒಂದೇ ಅಂತರದಲ್ಲಿ ತೂತು ಕೊರೆದರೆ, ಅವೇ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಬಿಗಿದು ಇವತ್ತು ಕ್ರೇನು, ನಾಳೆ ಸೇತುವೆ ಮಾಡಬಹುದಲ್ಲ! 1901ರಲ್ಲಿ ಪೇಟೆಂಟು ಪಡೆದ. ಅದರ ಖರ್ಚಿಗೆ ಐದು ಪೌಂಡು ಸಾಲ ಕೊಟ್ಟವನು ಯಜಮಾನ ಎಲಿಯಟ್. ಮುಂದೆ ಅವನೇ ಪಾಲುದಾರನೂ ಆದ. ಗುಮಾಸ್ತನ ಹುಚ್ಚಿಗೆ ಹಣ ಹಾಕುವ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ ಎಂಬುದನ್ನು ಬಲ್ಲವರೇ ಬಲ್ಲರು.

ಆ ಆಟಿಕೆಯೇ ಮುಂದೆ ‘ಮೆಕಾನೊ’ ಎಂದು ಹೆಸರಾಯಿತು. ನಮ್ಮಲ್ಲಿಯೂ ಎಷ್ಟೋ ಮನೆಗಳಲ್ಲಿ ಅದರ ಹಸಿರು ಕೆಂಪು ಪಟ್ಟಿಗಳನ್ನು ಕಂಡವರಿದ್ದಾರೆ. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಯುದ್ಧ ಮುಗಿದ ಮೇಲೆ, 1920ರಲ್ಲಿ, ಹಾರ್ನ್‌ಬಿಯ ಮೊದಲ ರೈಲು ಹೊರಬಂತು. ಅದು ಮೆಕಾನೊದ ತಮ್ಮನೇ ಸರಿ. ನಟ್ಟು ಬೋಲ್ಟು ಬಿಚ್ಚಿ ಪೂರಾ ಕಳಚಿ ಮತ್ತೆ ಜೋಡಿಸಬಹುದಾಗಿತ್ತು. ಒಂದೇ ಅಚ್ಚಿನ ಎಂಜಿನ್ನಿಗೆ ಬೇರೆ ಬೇರೆ ರೈಲ್ವೆ ಕಂಪನಿಗಳ ಬಣ್ಣ ಹಚ್ಚಿ ಮಾರಿದರು. ಆಗಿನ ಬ್ರಿಟನ್ನಿನಲ್ಲಿ ರೈಲ್ವೆಗಳೆಲ್ಲ ಖಾಸಗಿ. ಊರಿಗೊಂದು ಕಂಪನಿಯ ಅಭಿಮಾನ. ಹುಡುಗರು ತಮ್ಮೂರಿನ ಬಣ್ಣದ ಎಂಜಿನ್ನಿಗೇ ಹಟ ಹಿಡಿಯುತ್ತಿದ್ದರು.

ನಮ್ಮ ತಾತನ ಎಂಜಿನ್ನಿನ ಮೇಲೆ ಎಲ್.ಎಂ.ಎಸ್. ಎಂಬ ಮೂರು ಅಕ್ಷರಗಳಿವೆ. ಚಿಕ್ಕಂದಿನಲ್ಲಿ ಅದು ಯಾರೋ ದೊರೆಯ ಇನಿಷಿಯಲ್ ಎಂದುಕೊಂಡಿದ್ದೆ. ಅದು ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆ. 1923ರಲ್ಲಿ ಸರ್ಕಾರ ಸಣ್ಣಪುಟ್ಟ ಕಂಪನಿಗಳನ್ನು ಒಟ್ಟುಗೂಡಿಸಿ ನಾಲ್ಕು ದೊಡ್ಡ ಕಂಪನಿ ಮಾಡಿದಾಗ ಹುಟ್ಟಿದ್ದು. 1948ರ ಜನವರಿ 1ರಂದು ರೈಲ್ವೆಗಳ ರಾಷ್ಟ್ರೀಕರಣವಾದಾಗ ಕಣ್ಮುಚ್ಚಿತು. ಆದರೆ ಆಟದ ಕಾರ್ಖಾನೆ ಆಮೇಲೂ ಕೆಲವು ವರ್ಷ ಹಳೆಯ ಅಕ್ಷರಗಳನ್ನೇ ಬಳಿಯುತ್ತಿತ್ತು. ನಿಜವಾದ ರೈಲ್ವೆ ಸತ್ತ ಮೇಲೂ ತಗಡಿನ ಮೇಲೆ ಬದುಕಿತು!

ಕೀಲಿ ಏಕೆ, ವಿದ್ಯುತ್ತು ಏಕಲ್ಲ ಎಂದು ಕೇಳಬಹುದು. ಅಮೆರಿಕದಲ್ಲಿ ಜೋಶುವಾ ಲಯನೆಲ್ ಕವನ್ ಎಂಬ ಯುವಕ 1900ರಲ್ಲೇ ನ್ಯೂಯಾರ್ಕಿನ ಅಂಗಡಿಯ ಕಿಟಕಿಯಲ್ಲಿ ಗಿರಾಕಿಗಳ ಕಣ್ಸೆಳೆಯಲೆಂದು ಒಂದು ವಿದ್ಯುತ್ ಬಂಡಿಯನ್ನು ಕಂಬಿಯ ಮೇಲೆ ಓಡಿಸಿದ್ದ. ಜನ ಅಂಗಡಿಯ ಮಾಲು ಬಿಟ್ಟು ಬಂಡಿಯನ್ನೇ ಕೇಳಿದರು. ಅದರಿಂದ ಲಯನೆಲ್ ಕಂಪನಿ ಬೆಳೆಯಿತು. ಆದರೆ ಬ್ರಿಟನ್ನಿನಲ್ಲಿ 1920ರ ದಶಕದಲ್ಲಿ ಎಷ್ಟೋ ಮನೆಗಳಿಗೆ ವಿದ್ಯುತ್ತೇ ಬಂದಿರಲಿಲ್ಲ. 1925ರಲ್ಲಿ ಹಾರ್ನ್‌ಬಿ ತಂದ ಮೊದಲ ವಿದ್ಯುತ್ ರೈಲು ಮನೆಯ ಕರೆಂಟನ್ನೇ ಒಂದು ದೀಪದ ಮೂಲಕ ಹಾಯಿಸಿ ಕಂಬಿಗೆ ಕೊಡುತ್ತಿತ್ತು. ವಿಜ್ಞಾನ ಓದಿದ ನನಗೆ ಇದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಮೇಲೆ ಅದನ್ನು ಬಿಟ್ಟು ಕಡಿಮೆ ವೋಲ್ಟೇಜಿಗೆ ಇಳಿದರು. ಒಂದು ವಿಶೇಷವೆಂದರೆ, ಶಿವನಸಮುದ್ರದಿಂದ ನಮ್ಮ ಕೋಲಾರದ ಗಣಿಗೆ 1902ರಲ್ಲೇ ವಿದ್ಯುತ್ತು ಬಂದಿತ್ತು. ವಿದ್ಯುತ್ತಿದ್ದ ಊರಿಗೆ ಬಂದದ್ದು ಕೀ ಕೊಡುವ ರೈಲು.

ಹಾರ್ನ್‌ಬಿ 1931ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದ, 1936ರಲ್ಲಿ ತೀರಿಕೊಂಡ. ಅವನು ಹೋದ ಮರುವರ್ಷ ಹೊರಬಂದ ‘ಪ್ರಿನ್ಸೆಸ್ ಎಲಿಜಬೆತ್’ ಎಂಬ ದೊಡ್ಡ ವಿದ್ಯುತ್ ಎಂಜಿನ್ನಿನ ಬೆಲೆ ಐದು ಗಿನಿ. ಸಾಮಾನ್ಯ ಸಂಸಾರದ ಮಗು ಅಂಗಡಿಯ ಗಾಜಿಗೆ ಮೂಗೊತ್ತಿ ನೋಡಬೇಕೇ ಹೊರತು ಕೊಳ್ಳುವಂತಿರಲಿಲ್ಲ. 1938ರಲ್ಲಿ ‘ಡಬ್ಲೊ’ ಎಂಬ ಚಿಕ್ಕ ಗಾತ್ರದ ರೈಲು ಬಂತು, 16.5 ಮಿಲಿಮೀಟರ್ ಕಂಬಿಯದು. ಊಟದ ಮೇಜಿನ ಮೇಲೆಯೇ ಹರಡಬಹುದು. ಅಷ್ಟರಲ್ಲಿ ಎರಡನೆಯ ಯುದ್ಧ. ಬಿನ್ಸ್ ರಸ್ತೆಯ ಯಂತ್ರಗಳು ಆಟಿಕೆ ಬಿಟ್ಟು ಯುದ್ಧಸಾಮಗ್ರಿ ಮಾಡಿದವು.

ಸ್ವಲ್ಪ ಲೆಕ್ಕ

ಓ ಗೇಜಿನಲ್ಲಿ ನಿಜವಾದ ಒಂದು ಅಡಿಗೆ 7 ಮಿಲಿಮೀಟರ್. ಎಂದರೆ ಸುಮಾರು 43.5ರಲ್ಲಿ ಒಂದು ಪಾಲು. ಬ್ರಿಟನ್ನಿನ ಕಂಬಿಯ ಅಗಲ 1435 ಮಿ.ಮೀ. ಭಾಗಿಸಿದರೆ 33 ಬರುತ್ತದೆ. ಆಟದ ಕಂಬಿ 32. ಹೆಚ್ಚುಕಡಿಮೆ ಸರಿ. ನಮ್ಮ ಬ್ರಾಡ್‌ಗೇಜು 1676 ಮಿ.ಮೀ. ಅದಕ್ಕೆ 38.5 ಬೇಕಾಗುತ್ತಿತ್ತು. ಹಳೆಯ ಮೈಸೂರಿನ ಮೀಟರ್‌ಗೇಜಿಗೆ ಬರೀ 23. ನಮ್ಮ ನಾಡಿನ ಯಾವ ಗೇಜಿಗೂ ಹೊಂದದ ರೈಲನ್ನು ತಾತ ತಂದಿದ್ದರು!

ಎರಡಡಿ ತ್ರಿಜ್ಯದ ಬಾಗಿದ ಕಂಬಿ ಹನ್ನೆರಡು ಸೇರಿದರೆ ಒಂದು ಪೂರ್ಣ ವೃತ್ತ. ಅದರ ಅಡ್ಡಗಲ 4 ಅಡಿ. ನಿಜವಾದ ಅಳತೆಗೆ ಹಿಗ್ಗಿಸಿದರೆ 174 ಅಡಿ. ಅಷ್ಟು ಬಿಗಿಯಾದ ತಿರುವಿನಲ್ಲಿ ಯಾವ ಮೇಲ್ ಗಾಡಿಯೂ ಓಡಲಾರದು. ಆದರೆ ರಾಗಿ ಪೈರಿನ ಪಾರ್ಕನ್ನು ಸುತ್ತಲು ಅಷ್ಟೇ ಸಾಕು.

ಎಂಜಿನ್ನಿನ ಹೊಟ್ಟೆಯೊಳಗೆ ಇರುವುದು ಸುರುಳಿ ಸುತ್ತಿದ ಉಕ್ಕಿನ ಪಟ್ಟಿ, ಹಲ್ಲಿನ ಚಕ್ರಗಳು, ವೇಗ ಹತೋಟಿಯಲ್ಲಿಡುವ ಒಂದು ಗವರ್ನರ್. ಗೋಡೆ ಗಡಿಯಾರದ ಸಂಬಂಧಿ ಎನ್ನಬಹುದು. ಚಾಲಕ ನಿಲ್ಲುವ ಜಾಗದಲ್ಲಿ ಎರಡು ಸಣ್ಣ ಕಡ್ಡಿಗಳು, ಒಂದು ತಡೆಯಲು, ಒಂದು ಹಿಂದಕ್ಕೆ ಓಡಿಸಲು.

ಮುಚ್ಚಿದ ಕಾರ್ಖಾನೆ, ತೆರೆದ ಪೆಟ್ಟಿಗೆ

ಯುದ್ಧಾನಂತರ ಹತ್ತು ಹದಿನೈದು ವರ್ಷ ಒಳ್ಳೆಯ ಕಾಲ. ಆಮೇಲೆ ಪ್ಲಾಸ್ಟಿಕ್ ಬಂತು, ಟೆಲಿವಿಷನ್ ಬಂತು, ಮಕ್ಕಳ ಕಣ್ಣು ಕಾರು ವಿಮಾನಗಳ ಕಡೆ ತಿರುಗಿತು. ನಿಜವಾದ ರೈಲಿಗೂ ಅದೇ ಗತಿ. 1963ರ ಬೀಚಿಂಗ್ ವರದಿಯ ನಂತರ ಬ್ರಿಟನ್ನಿನ ನೂರಾರು ನಿಲ್ದಾಣಗಳು ಮುಚ್ಚಿದವು. ಮರುವರ್ಷ, 1964ರಲ್ಲಿ, ಮೆಕಾನೊ ಕಂಪನಿಯನ್ನು ಎದುರಾಳಿಯಾದ ಲೈನ್ಸ್ ಬ್ರದರ್ಸ್ ಕೊಂಡಿತು. ಆ ದೊಡ್ಡ ಸಂಸ್ಥೆಯೂ 1971ರಲ್ಲಿ ಕುಸಿಯಿತು. ಬಿನ್ಸ್ ರಸ್ತೆಯ ಕಾರ್ಖಾನೆ 1979ರ ನವೆಂಬರ್ 30ರಂದು ಥಟ್ಟನೆ ಮುಚ್ಚಿತು. ಕೆಲಸಗಾರರು ಒಳಗೇ ಕೂತು ಪ್ರತಿಭಟಿಸಿದರು, ಫಲ ಸಿಗಲಿಲ್ಲ. ಹಾರ್ನ್‌ಬಿ ಹೆಸರಿನ ರೈಲುಗಳು ಮಾತ್ರ ಮಾರ್ಗೇಟ್ ಊರಿನ ಬೇರೆ ಕಾರ್ಖಾನೆಯಲ್ಲಿ ಮುಂದುವರಿದವು. 1990ರ ದಶಕದಲ್ಲಿ ತಯಾರಿಕೆ ಚೀನಾಕ್ಕೆ ಹೋಯಿತು. ಮಾರ್ಕ್ಲಿನ್ ಸಹ 2009ರಲ್ಲಿ ದಿವಾಳಿಯ ಅರ್ಜಿ ಹಾಕಿ, ಹೇಗೋ ಚೇತರಿಸಿಕೊಂಡಿತು.

ಒಂದು ಕಾಕತಾಳೀಯ ನೋಡಿ. ಬ್ರಿಟಿಷ್ ರೈಲ್ವೆಯಲ್ಲಿ ಉಗಿ ಎಂಜಿನ್ನಿನ ಓಡಾಟ ಮುಗಿದದ್ದು 1968ರ ಆಗಸ್ಟಿನಲ್ಲಿ. ಹಳೆಯ ಹಾರ್ನ್‌ಬಿ ರೈಲುಗಳ ಸಂಗ್ರಾಹಕರು ತಮ್ಮ ಸಂಘ ಕಟ್ಟಿಕೊಂಡದ್ದು 1969ರಲ್ಲಿ. ಅಮೆರಿಕದವರು 1954ರಲ್ಲೇ ಕಟ್ಟಿದ್ದರು. ಕಳೆದುಹೋಗುತ್ತಿದೆ ಎಂದು ಗೊತ್ತಾದಾಗಲೇ ಮನುಷ್ಯ ಅಟ್ಟ ಹತ್ತುತ್ತಾನೆ. ಈ ಸಂಘಗಳವರು ಹಳೆಯ ಪಟ್ಟಿಗಳನ್ನು ಹುಡುಕಿ, ಯಾವ ಬಣ್ಣ ಯಾವ ವರ್ಷದ್ದೆಂದು ಗುರುತಿಸಿ, ಸಿಗದ ಬಿಡಿಭಾಗಗಳನ್ನು ಮತ್ತೆ ಮಾಡಿಸಿ ಒಂದು ಶಾಸ್ತ್ರವನ್ನೇ ಬೆಳೆಸಿದ್ದಾರೆ. ಅವರಲ್ಲೂ ಎರಡು ಪಂಗಡ. ಮುಟ್ಟದೆ ಗಾಜಿನ ಬೀರುವಿನಲ್ಲಿಡಬೇಕೆನ್ನುವವರು ಒಂದು ಕಡೆ, ಓಡದ ರೈಲು ರೈಲೇ ಅಲ್ಲವೆನ್ನುವವರು ಇನ್ನೊಂದು ಕಡೆ.

ಇಡುವವರಿಗೂ ಓಡಿಸುವವರಿಗೂ ಸಮಾನ ಶತ್ರುವೊಂದಿದೆ. ಹಳೆಯ ರೈಲುಗಳ ಗಾಲಿ ಮತ್ತು ಕೆಲವು ಭಾಗಗಳು ಸತುವಿನ ಮಿಶ್ರಲೋಹದ ಎರಕ. ಎರಕ ಹೊಯ್ಯುವಾಗ ಸೀಸ ತುಸುವೇ ತುಸು ಬೆರೆತರೂ ಸಾಕು, ಹತ್ತಾರು ವರ್ಷಗಳ ಮೇಲೆ ಲೋಹ ಒಳಗಿನಿಂದಲೇ ಉಬ್ಬಿ, ಬಿರಿದು, ಬೆಲ್ಲದಚ್ಚಿನಂತೆ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ, ಗಾಲಿ ಬದಲಿಸುವುದೊಂದೇ ದಾರಿ. ನಮ್ಮ ರೈಲಿನ ಒಂದು ಬೋಗಿಯ ಎರಡು ಗಾಲಿ ಹೀಗೆ ಹೋಗಿವೆ.

ಮನೆಯಲ್ಲಿ ಇಂಥ ರೈಲಿರುವವರಿಗೆ ನಾಲ್ಕು ಮಾತು. ಎತ್ತಿಡುವ ಮುನ್ನ ಸ್ಪ್ರಿಂಗು ಪೂರ್ತಿ ಬಿಚ್ಚಿಕೊಳ್ಳಲಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ಗಟ್ಟಿಯಾಗಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ತೊಟ್ಟು ಸಾಕು. ಮಳೆಗಾಲದ ಥಂಡಿ ತಾಗದ ಕಡೆ ಇಡಿ. ಹೊಸ ಬಣ್ಣ ಬಳಿಯಬೇಡಿ, ಹಳೆಯದು ಮಾಸಿದ್ದರೂ ಅದೇ ಚೆನ್ನ. ಅಂದಿನ ಬಣ್ಣದಲ್ಲಿ ಸೀಸವಿರಬಹುದು, ಬಾಯಿಗೆ ಹಾಕಿಕೊಳ್ಳುವ ಕೂಸುಗಳ ಕೈಗೆ ಕೊಡಬೇಡಿ. ವಿದ್ಯುತ್ ರೈಲಾದರೆ ಅದರ ಹಳೆಯ ಟ್ರಾನ್ಸ್‌ಫಾರ್ಮರನ್ನು ಪ್ಲಗ್ಗಿಗೆ ಹಾಕುವ ಸಾಹಸ ಮಾಡಬೇಡಿ.

ಮೂರೂವರೆ ಸುತ್ತು

ಬೆಲೆಯ ವಿಷಯಕ್ಕೆ ಬರುತ್ತೇನೆ. ನಮ್ಮಂಥ ಸಣ್ಣ ಟ್ಯಾಂಕ್ ಎಂಜಿನ್ನಿನ ಸೆಟ್ಟುಗಳು ಬಹು ದೊಡ್ಡ ಸಂಖ್ಯೆಯಲ್ಲಿ ತಯಾರಾಗಿದ್ದವು. ಅಪರೂಪದ ಮಾದರಿಗೆ, ಬಣ್ಣ ಕೆಡದ, ಮೂಲ ಪೆಟ್ಟಿಗೆಯೊಂದಿಗಿರುವ ಸೆಟ್ಟಿಗೆ ಬೆಲೆಯೇ ಹೊರತು, ಮುಚ್ಚಳ ಹರಿದು ಗಾಲಿ ಪುಡಿಯಾದ ನಮ್ಮದಕ್ಕಲ್ಲ. ಇದನ್ನು ಅಣ್ಣನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನೀನೇ ಇಟ್ಟುಕೋ” ಎಂದ. ಆ ಮಾತಿನಲ್ಲಿ ಕೋಪವಿರಲಿಲ್ಲ, ಆದರೆ ನನಗೆ ಖುಷಿಯೂ ಆಗಲಿಲ್ಲ. ಬೆಲೆ ಇಲ್ಲವೆಂದು ಬಿಟ್ಟುಕೊಟ್ಟ ವಸ್ತುವನ್ನು ತೆಗೆದುಕೊಳ್ಳುವುದು ಹೇಗೆ?

ಆ ವರ್ಷದ ದಸರಾಕ್ಕೆ ಪುಣೆಯ ನಮ್ಮ ಮನೆಯಲ್ಲಿ ಮೊದಲ ಸಲ ಗೊಂಬೆ ಕೂರಿಸಿದೆವು. ಅಪ್ಪನ ಜಾಗದಲ್ಲಿ ಕೂತು ಕೀ ಕೊಡುತ್ತಿದ್ದೆ. ಒಳಗೆ ‘ಟಪ್’ ಎಂದಿತು, ಕೀಲಿಕೈ ಸಡಿಲವಾಗಿ ಗಿರಗಿರನೆ ತಿರುಗಿತು. ಅರವತ್ತು ವರ್ಷಕ್ಕೂ ಮೀರಿ ಅಪ್ಪನ, ತಾತನ ಕೈಯಲ್ಲಿ ಮುರಿಯದ ಸ್ಪ್ರಿಂಗು ನನ್ನ ಕೈಯಲ್ಲಿ ಮುರಿಯಿತು. ತಪ್ಪು ನನ್ನದೇ. ಮಗಳ ಮುಂದೆ ಇನ್ನೊಂದು ಸುತ್ತು ಹೆಚ್ಚು ಓಡಿಸಿ ತೋರಿಸುವ ಚಪಲಕ್ಕೆ ಬಿಗಿಯಾದ ಮೇಲೂ ತಿರುಗಿಸಿದ್ದೆ.

ಹಳೆಯ ಪುಣೆಯ ಪೇಟೆಯಲ್ಲಿ ಒಬ್ಬ ವಯಸ್ಸಾದ ಗಡಿಯಾರ ರಿಪೇರಿಯವರು ಸಿಕ್ಕಿದರು. ಕನ್ನಡಕದ ಮೇಲೆ ಭೂತಗಾಜು ಇಟ್ಟು ನೋಡಿ, ಮುರಿದಿರುವುದು ಒಳತುದಿಯ ಕೊಕ್ಕೆಯ ಬಳಿ ಮಾತ್ರ ಎಂದರು. ತುದಿಯನ್ನು ಬೆಂಕಿಗೆ ಹಿಡಿದು ಮೆದುಮಾಡಿ ಹೊಸ ತೂತು ಕೊರೆದರು. “ಎರಡು ಇಂಚು ಗಿಡ್ಡವಾಯಿತು. ಓಟವೂ ಅಷ್ಟು ಕಡಿಮೆಯಾಗುತ್ತದೆ. ಆದರೆ ಓಡುತ್ತದೆ” ಎಂದು ಮರಾಠಿಯಲ್ಲಿ ಹೇಳಿದರು. ಅದರಂತೆ ಈಗ ನಮ್ಮ ರೈಲು ನಾಲ್ಕು ಸುತ್ತು ಓಡುವುದಿಲ್ಲ. ಮೂರೂವರೆ.

ಸುದ್ದಿ ಕೇಳಿ ಅಣ್ಣ ಬಯ್ಯುತ್ತಾನೆಂದುಕೊಂಡಿದ್ದೆ. “ಓಡ್ತಾ ಇದೆಯಲ್ಲ? ಫೋನಿನಲ್ಲಿ ಸದ್ದು ಕೇಳಿಸು” ಅಂದ. ಫೋನನ್ನು ಕಂಬಿಯ ಪಕ್ಕ ಇಟ್ಟೆ. ಆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ಕೊನೆಗೆ ಪರಿಹಾರ ಹೇಳಿದವಳು ಅಕ್ಕ: “ಯಾರದೂ ಬೇಡ. ಒಂದೊಂದು ದಸರಾ ಒಬ್ಬೊಬ್ಬರ ಮನೆಯಲ್ಲಿ ಓಡಲಿ.” ಈಗ ಅದೇ ಏರ್ಪಾಡು. ಕಳೆದ ಸಲ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿಗೆ ಒಯ್ದೆ. ಅಣ್ಣ ಸ್ಟೇಷನ್ನಿಗೆ ಬಂದವನು ನನ್ನ ಕೈಚೀಲ ಬಿಟ್ಟು ಮೊದಲು ಪೆಟ್ಟಿಗೆಗೇ ಕೈಹಾಕಿದ.

ಪುಣೆಯಲ್ಲಿರುವವರು ಮಕ್ಕಳನ್ನು ಕೋಥರೂಡಿನ ಜೋಶಿಯವರ ಪುಟಾಣಿ ರೈಲ್ವೆ ಸಂಗ್ರಹಾಲಯಕ್ಕೆ ಒಮ್ಮೆ ಕರೆದೊಯ್ಯಿರಿ. ಭಾವೂಸಾಹೇಬ ಜೋಶಿಯವರು ಹವ್ಯಾಸವಾಗಿ ಬೆಳೆಸಿದ ಪುಟ್ಟ ರೈಲುಗಳ ನಗರವನ್ನು 1998ರಿಂದ ಜನರಿಗೆ ತೆರೆದಿಟ್ಟಿದ್ದಾರೆ. ಅದಿರುವ ರಸ್ತೆಗೆ ಧಾರವಾಡದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಮರಾಠಿ ಕತೆಗಾರ ಜಿ. ಎ. ಕುಲಕರ್ಣಿಯವರ ಹೆಸರಿದೆ ಎಂಬುದು ನಮಗೆ ಇನ್ನೊಂದು ಸಂತೋಷ.

ಊರು ಬಿಟ್ಟು ಬಂದ ನಾವು ಪೆಟ್ಟಿಗೆಗಳಲ್ಲಿ ಏನೇನೋ ತಂದಿರುತ್ತೇವೆ. ಚನ್ನಪಟ್ಟಣದ ಗೊಂಬೆ, ಅಜ್ಜಿಯ ಚೌಕಾಬಾರದ ಕವಡೆ, ಅಪ್ಪನ ಬುಗುರಿ. ಅವು ಅಟ್ಟದಲ್ಲೇ ಇದ್ದರೆ ಮುಂದಿನವರಿಗೆ ಅವು ಬರೀ ಸಾಮಾನು. ಈ ದಸರಾಕ್ಕೆ ಒಂದನ್ನಾದರೂ ಕೆಳಗಿಳಿಸಿ ಮಕ್ಕಳ ಕೈಗೆ ಕೊಡಿ. ನನ್ನ ಮಗಳಿಗೆ ಕೀ ಕೊಡುವ ಅಧಿಕಾರ ಈಗಾಗಲೇ ಸಿಕ್ಕಿದೆ. ಎಲ್ಲಿ ನಿಲ್ಲಿಸಬೇಕೆಂಬುದು ಅವಳ ಕೈಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ.